ಶೇಂಗಾ: ಒಂದೇ ಮಣ್ಣು, ಎರಡು ತಳಿ, ಒಂದೇ ಯಾಕೆ ಹಳದಿ?

ಲೋಣಿಹೊಲ: ನಮಸ್ಕಾರ್ರೀ. ಪುಣೆ ಹತ್ರ ಲೋಣಿ ಕಾಳಭೋರ್ ಕಡೆ ಎರಡು ಗುಂಟೆ ಎರೆ ಮಣ್ಣಿದೆ, ನಾನು ಭಾನುವಾರದ ರೈತ. ಜೂನ್ ಕೊನೆಗೆ ಶೇಂಗಾ ಹಾಕಿದೆ. ಅರ್ಧಕ್ಕೆ ಅಂಗಡಿಯಿಂದ ತಂದ ಟಿಎಜಿ-24, ಇನ್ನರ್ಧಕ್ಕೆ ಅತ್ತೆಯವರು ಗದಗಿಂದ ಗಂಟು ಕಟ್ಟಿ ಕಳಿಸಿದ ಮನೆ ಬೀಜ. ಐದನೇ ವಾರಕ್ಕೆ ಟಿಎಜಿ ಅರಿಶಿನ ಬಳಿದಂಗಾಗಿದೆ, ಮನೆ ಬೀಜ ಕಡುಹಸಿರು. ಗೊಬ್ಬರ, ಮಳೆ ಎರಡಕ್ಕೂ ಒಂದೇ. ಯೂರಿಯಾ ಕೊಟ್ಟರೂ ಏನೂ ಆಗಲಿಲ್ಲ. ಅಂಗಡಿಯವ ಕೆಟ್ಟ ಬೀಜ ಕೊಟ್ಟನೇ?

ಮೃಗಶಿರಾ: ಸಾರಜನಕ ಕಮ್ಮಿ. ಇನ್ನೊಂದು ಕೈ ಯೂರಿಯಾ ಒಗೀರಿ.

ಎರೆನೆಲ: ತಡೀರಿ, ಯೂರಿಯಾ ಮುಟ್ಟಬೇಡಿ. ಹಳದಿ ಆಗಿರೋದು ಕೆಳಗಿನ ಹಳೇ ಎಲೆಯೋ, ತುದಿಯ ಚಿಗುರೋ? ಒಣ ಹೆಂಟೆ ಮೇಲೆ ವಿನೆಗರ್ ಹನಿಸಿ ಏನಾಗುತ್ತೆ ಹೇಳಿ.

ಲೋಣಿಹೊಲ: ಚಿಗುರೇ. ನರ ಹಸಿರು, ನಡುವೆ ಹಳದಿ. ತೀರಾ ತುದಿಯ ಎಲೆ ಕಾಗದದಷ್ಟು ಬಿಳಿ. ವಿನೆಗರ್ ಬಿದ್ದಲ್ಲಿ ಸೋಡಾದಂತೆ ಬುರಬುರ ನೊರೆ. ಇನ್ನೊಂದು ವಿಚಿತ್ರ: ಬದುವಿಗೆ ಒಂದು ಸಾಲು ಗೋವಿನಜೋಳ ಹಾಕಿದ್ದೆ. ಅದರ ಮಗ್ಗುಲಿನ ಟಿಎಜಿ ಗಿಡ ಮಾತ್ರ ಚೆನ್ನಾಗಿವೆ!

ಎರೆನೆಲ: ಆ ಗೋವಿನಜೋಳವೇ ಸಾಕ್ಷಿ ಹೇಳ್ತು ನೋಡಿ. ಇದು ಕಬ್ಬಿಣದ ಹಸಿವು. ಸಾರಜನಕ ಕಮ್ಮಿಯಾದರೆ ಮೊದಲು ಹಳೇ ಎಲೆ ಹಳದಿಯಾಗುತ್ತೆ, ಗಿಡ ಅಲ್ಲಿಂದ ಕಿತ್ತು ಚಿಗುರಿಗೆ ಕೊಡುತ್ತೆ. ಕಬ್ಬಿಣ ಹಾಗೆ ಸಲೀಸಾಗಿ ಜಾಗ ಬದಲಿಸಲ್ಲ, ಅದಕ್ಕೇ ಚಿಗುರು ಬೆಳ್ಳಗಾಗೋದು.

ನಿಮ್ಮ ನೆಲದಲ್ಲಿ ಕಬ್ಬಿಣ ಬೇಕಾದಷ್ಟಿದೆ. ಆದರೆ ವಿನೆಗರ್‌ಗೆ ನೊರೆ ಬಂತಂದರೆ ಮಣ್ಣಲ್ಲಿ ಸುಣ್ಣ ಇದೆ ಅಂತರ್ಥ. ಅಲ್ಲಿಯವರು ಚುನಖಡಿ ಅಂತಾರಲ್ಲ, ಆ ಸುಣ್ಣದ ಮಣ್ಣಲ್ಲಿ ಅದು ಕರಗದೆ ಕೂತಿರುತ್ತೆ. ಮಳೆನೀರು ನಿಂತರೆ ಇನ್ನೂ ಕಷ್ಟ. ಶೇಂಗಾ ಬೇರು ಹುಳಿ ಬಿಟ್ಟು, ಕರಗದ ಫೆರಿಕ್ ರೂಪದ ಕಬ್ಬಿಣವನ್ನ ಕರಗೋ ಫೆರಸ್ ರೂಪಕ್ಕೆ ಮಾಡಿಕೊಂಡೇ ಒಳಗೆ ಎಳೆಯಬೇಕು. ಈ ಕೈಚಳಕ ಎಲ್ಲ ತಳಿಗೂ ಒಂದೇ ಸಮ ಇರಲ್ಲ. ಟಿಎಜಿ-24 ಮುಂಬೈಯ ಟ್ರಾಂಬೆಯಲ್ಲಿ, ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದ ಒಳ್ಳೇ ಇಳುವರಿಯ ತಳಿ. ಆದರೆ ಸುಣ್ಣದ ನೆಲದಲ್ಲಿ ಸೋಲುತ್ತೆ. ಐಸಿಜಿವಿ 86031 ಅನ್ನೋ ಇನ್ನೊಂದು ತಳಿ ತಡೆದುಕೊಳ್ಳುತ್ತೆ. ನಿಮ್ಮ ಅತ್ತೆಯವರ ಬೀಜವೂ ಹಾಗೆ ತಡೆಯೋ ಜಾತಿಯದೇ ಇರಬೇಕು. ಅಂಗಡಿಯವನನ್ನ ಬಿಟ್ಟುಬಿಡಿ.

ಗೋವಿನಜೋಳದ ದಾರಿ ಬೇರೆ. ಅದರ ಬೇರು ಕಬ್ಬಿಣವನ್ನ ಹಿಡಿದು ತರೋ ಅಂಟನ್ನೇ ಮಣ್ಣಿಗೆ ಬಿಡುತ್ತೆ, ಪಕ್ಕದ ಶೇಂಗಾಕ್ಕೂ ಪಾಲು ಸಿಗುತ್ತೆ.

ಈಗ ಮಾಡಬೇಕಾದ್ದು: ಲೀಟರ್ ನೀರಿಗೆ ಮೊದಲು 1 ಗ್ರಾಂ ನಿಂಬೆಉಪ್ಪು (ಸಿಟ್ರಿಕ್ ಆಮ್ಲ), ಆಮೇಲೆ 5 ಗ್ರಾಂ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್ ಅನ್ನೋ ಕಬ್ಬಿಣದ ಉಪ್ಪು. ಪುಣೆ ಅಂಗಡಿಯಲ್ಲಿ ‘ಹಿರಾಕಸ’ ಅಂತ ಕೇಳಿ, ಅನ್ನಭೇದಿ ಅಂದರೆ ಮುಖ ನೋಡ್ತಾರೆ. ದ್ರಾವಣ ತುಕ್ಕಿನ ಬಣ್ಣಕ್ಕೆ ತಿರುಗಿದರೆ ಚೆಲ್ಲಿ. ಮೊದಲು ಒಂದೇ ಸಾಲಿಗೆ, ಸಂಜೆ ಹೊಡೀರಿ. ಮಣ್ಣಿಗೆ ಸುರಿದರೆ ದುಡ್ಡು ದಂಡ, ಸುಣ್ಣ ಅದನ್ನೂ ನುಂಗುತ್ತೆ.

ಲೋಣಿಹೊಲ: ಒಂದು ವಾರ ಆಯ್ತು. ಹೊಡೆದ ಸಾಲು ಹಸಿರು, ಪಕ್ಕದ್ದು ಹಂಗೇ ಹಳದಿ. ಎಲೆ ಮೇಲೆ ಹನಿ ಬಿದ್ದಲ್ಲಷ್ಟೇ ಹಸಿರು ಚುಕ್ಕೆ ಕೂಡ ಕಾಣ್ತಿವೆ. ಉಳಿದದ್ದಕ್ಕೆ ನಾಳೆ ಹೊಡೀತೀನಿ. ಅತ್ತೆಗೆ ಫೋನ್ ಮಾಡಿದೆ, ಮುಂದಿನ ವರ್ಷಕ್ಕೆ ಐದು ಕಿಲೋ ಎತ್ತಿಡ್ತಾರಂತೆ.