ಡಾಕ್ ಫರ್ಮ್‌ವೇರ್‌ಗಾಗಿ ಆಕ್ಸ್ ಡಿವೈಸ್ ತೆರೆದವರು ಅನುಭವ ಹೇಳಿ

ಕೇಳಿದವರು: ಲ್ಯಾಪ್‌ಟಾಪ್‌ಗೆ ಡಾಕ್ (ಮಾನಿಟರ್ ಮುಂತಾದವನ್ನು ಜೋಡಿಸುವ ಪೆಟ್ಟಿಗೆ), ಡಾಕ್‌ಗೆ ಎರಡು ಮಾನಿಟರ್. ಸಸ್ಪೆಂಡ್ ಆಗಿ ಎದ್ದಮೇಲೆ ಎರಡನೆಯದಕ್ಕೆ ಸಿಗ್ನಲ್ ಇಲ್ಲ. ಡಾಕ್ ಒಳಗಿನ ಎಂಎಸ್‌ಟಿ ಹಬ್‌ಗೆ (ಒಂದು ಡಿಸ್‌ಪ್ಲೇಪೋರ್ಟ್ ಸಿಗ್ನಲ್ ಅನ್ನು ಹಲವು ಮಾನಿಟರ್‌ಗೆ ಹಂಚುವ ಚಿಪ್) ಹೊಸ ಫರ್ಮ್‌ವೇರ್, ಅಂದರೆ ಚಿಪ್ ಒಳಗಿನ ಸಾಫ್ಟ್‌ವೇರ್, ಲಿನಕ್ಸ್‌ನವರಿಗೆ ಫರ್ಮ್‌ವೇರ್ ಹಂಚುವ ಎಲ್‌ವಿಎಫ್‌ಎಸ್‌ನಲ್ಲಿ ಬಂದಿದೆ. ಆದರೆ ನಾನೇ ಕಂಪೈಲ್ ಮಾಡಿದ ಕರ್ನಲ್‌ನಲ್ಲಿ ಡಿಪಿ ಆಕ್ಸ್ ಕ್ಯಾರೆಕ್ಟರ್ ಡಿವೈಸ್ (ಡಿಸ್‌ಪ್ಲೇಪೋರ್ಟ್‌ನ ಆಕ್ಸ್ ಎಂಬ ಪಕ್ಕದ ಚಾನೆಲ್ ಅನ್ನು ಫೈಲ್‌ನಂತೆ ತೆರೆಯುವ ದಾರಿ) ಆಯ್ಕೆ ಆಫ್ ಇದೆ, ಫರ್ಮ್‌ವೇರ್ ಅಪ್‌ಡೇಟ್ ಮಾಡುವ ಎಫ್‌ಡಬ್ಲ್ಯುಅಪ್‌ಡಿಗೆ ಹಬ್ ಕಾಣುತ್ತಲೇ ಇಲ್ಲ. ಅದನ್ನು ಆನ್ ಮಾಡಿ, ಯುಡೆವ್ ರೂಲ್ (ಡಿವೈಸ್ ಫೈಲ್‌ಗಳ ಅನುಮತಿ ನಿಗದಿ ಮಾಡುವ ನಿಯಮ) ಬರೆದು ನನ್ನ ಯೂಸರ್‌ಗೆ ಅನುಮತಿ ಕೊಡಬಹುದೇ? ಇಲ್ಲ ವಿಂಡೋಸ್ ಮೆಷಿನ್ ಯಾರ ಹತ್ತಿರವಾದರೂ ಕೇಳಿ ತರಲೇ?

ಸುರತ್ಕಲ್ ಟರ್ಮಿನಲ್: ಧಾರಾಳವಾಗಿ ಆನ್ ಮಾಡಿ. 2016ರಿಂದ, 4.6ನೇ ಆವೃತ್ತಿಯಿಂದ ಕರ್ನಲ್‌ನಲ್ಲೇ ಇರುವ ಸೌಲಭ್ಯ ಅದು. ನನ್ನ ಡಾಕ್‌ಗೆ ಸರ್ವೀಸ್ ಸೆಂಟರ್‌ನವರು "ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ" ಅಂತ 18,500 ರೂಪಾಯಿಯ ಎಸ್ಟಿಮೇಟ್ ಕೊಟ್ಟಿದ್ದರು. ನಾನು ಒಪ್ಪಲಿಲ್ಲ. ಮನೆಗೆ ಬಂದು ಆಕ್ಸ್ ಫೈಲ್‌ನ ಹೆಕ್ಸ್ 500ನೇ ವಿಳಾಸದಿಂದ ಮೂರು ಬೈಟ್ ಓದಿಸಿದೆ. 90, ಸಿಸಿ, 24 ಬಂತು. ಸಿನಾಪ್ಟಿಕ್ಸ್ ಚಿಪ್ಪಿನ ಗುರುತು ಅದು. ಹಬ್ ಜೀವಂತ ಇದೆ ಅಂತ ಅಲ್ಲೇ ಖಾತ್ರಿಯಾಯಿತು. ಡೆಸ್ಕ್‌ಟಾಪ್ ಸೆಷನ್ ನಿಲ್ಲಿಸಿ, ಸ್ಕ್ರೀನ್ ಆಫ್ ಆಗದಂತೆ ನೋಡಿಕೊಂಡು, ಇನ್ನೊಂದು ಮೆಷಿನ್‌ನಿಂದ ಎಸ್‌ಎಸ್‌ಎಚ್‌ನಲ್ಲಿ ಕೂತು ಅಪ್‌ಡೇಟ್ ಓಡಿಸಿದೆ. ಆಕ್ಸ್ ಒಂದು ಸಲಕ್ಕೆ 16 ಬೈಟ್‌ಗಿಂತ ಹೆಚ್ಚು ಸಾಗಿಸುವುದಿಲ್ಲ. 64 ಕಿಲೋಬೈಟ್ ಫೈಲ್ ಅಂದರೂ 4096 ತುಂಡು. ನಿಧಾನ ಅಂತ ಕೇಬಲ್ ಕೀಳಬೇಡಿ. ಇವತ್ತಿಗೂ ಅದೇ ಡಾಕ್ ಓಡುತ್ತಿದೆ.

ಎಸ್.ಪಿ. ರೋಡ್ ಗಿರಾಕಿ: ನಿಮಗೆ ಆಯಿತು, ಸಂತೋಷ. ನನ್ನ ಕಥೆ ಕೇಳಿ. ಡಾಕ್ ಮಾರಿದವರೇ ಕೊಟ್ಟ ಟೂಲ್, ಅವರೇ ಹೇಳಿದ ಕ್ರಮ. ಅರ್ಧ ಬರೆಯುವಷ್ಟರಲ್ಲಿ ಡಿಸ್‌ಪ್ಲೇ ಆಫ್ ಆಗಿ ಲಿಂಕ್ ಬಿತ್ತು. ಆಮೇಲೆ ಹಬ್ ಆಕ್ಸ್‌ಗೆ ಉತ್ತರ ಕೊಡುವುದನ್ನೇ ನಿಲ್ಲಿಸಿತು. ಉತ್ತರವೇ ಇಲ್ಲದ ಮೇಲೆ ಯಾವ ಯೂಸರ್‌ಸ್ಪೇಸ್ ಟೂಲ್ ತಾನೇ ಏನು ಮಾಡೀತು? ರಬ್ಬರ್ ಕಾಲು ಕಿತ್ತು, ಕೆಳಗಿನ ಸ್ಕ್ರೂ ಬಿಚ್ಚಿ, ಫರ್ಮ್‌ವೇರ್ ಇರುವ ಎಂಟು ಕಾಲಿನ ಫ್ಲ್ಯಾಶ್ ಚಿಪ್‌ಗೆ ಕ್ಲಿಪ್ ಹಾಕಬೇಕಾಯಿತು. ಚಿಪ್‌ಗೆ ನೇರವಾಗಿ ಬರೆಯುವ ಸಿಎಚ್341ಎ ಪ್ರೋಗ್ರಾಮರ್ 450, ಕ್ಲಿಪ್ 280. ಆ ಕ್ಲಿಪ್ ಹಲ್ಲು ಕಚ್ಚಲಿಲ್ಲ, ಇನ್ನೊಂದು 650. ಚಿಪ್ 1.8 ವೋಲ್ಟಿನದು ಅಂತ ಗೊತ್ತಾದ ಮೇಲೆ ಅಡಾಪ್ಟರ್ 220. ಚಿಪ್‌ಗೆ ಬರೆಯಬೇಕಾದ ಪೂರ್ತಿ ಇಮೇಜ್ ಯಾರೂ ಕೊಡಲಿಲ್ಲ, ಅದನ್ನು ಓದಿಕೊಳ್ಳಲಿಕ್ಕೇ ಅದೇ ಮಾಡೆಲ್‌ನ ಸೆಕೆಂಡ್ ಹ್ಯಾಂಡ್ ಡಾಕ್ 5,500. ಒಟ್ಟು 7,100. ಈ ಲೆಕ್ಕ ಇಟ್ಟುಕೊಂಡು "ಧಾರಾಳವಾಗಿ" ಅನ್ನಿ.

ಹುಬ್ಬಳ್ಳಿ ರೂಟ್: ಸ್ವಲ್ಪ ನಿಂದರ್ರಿ. ಯೂಸರ್‌ಗೆ ಅನುಮತಿ ಯಾಕ್ ಬೇಕ್ರಿ? ಎಫ್‌ಡಬ್ಲ್ಯುಅಪ್‌ಡಿ ಡೀಮನ್ (ಹಿನ್ನೆಲೆಯಾಗ ಓಡೂ ಪ್ರೋಗ್ರಾಂ) ರೂಟ್ ಆಗೇ, ಅಂದ್ರ ಎಲ್ಲಾ ಹಕ್ಕು ಇಟ್ಕೊಂಡೇ ಓಡ್ತೈತಿ, ಪಾಸ್‌ವರ್ಡ್ ಕೇಳೂದು ಪಾಲಿಸಿಕಿಟ್ ನೋಡ್ಕೋತೈತಿ. ರೂಲ್ ಬರಿಯೂದೇ ಬ್ಯಾಡ. ನಮ್ಮ ಲ್ಯಾಬಿನ್ಯಾಗ ಒಂದು ಇನ್‌ಸ್ಟಾಲರ್ ಆಕ್ಸ್ ಫೈಲ್‌ಗೆ 0666 ಅಂತ, ಅಂದ್ರ ಯಾರ್ ಬೇಕಾದ್ರೂ ಓದಿ ಬರಿಯೂ ಅನುಮತಿ, ಹಾಕಿ ಹೋಗಿತ್ತು. ಒಬ್ಬ ಹುಡುಗನ ಸ್ಕ್ರಿಪ್ಟು ಹೆಕ್ಸ್ 100ರಾಗ ಲಿಂಕ್ ರೇಟ್ ತಿದ್ದಿಬಿಡ್ತು, ಪಾಠ ನಡದಾಗ ಪ್ರೊಜೆಕ್ಟರ್ ಕಪ್ಪ ಆತು. ಹೆಕ್ಸ್ 600ಕ್ಕ 2 ಬರದ್ರ ಮಾನಿಟರ್ ಮಲಗ್ತೈತಿ. ಆ ಫೈಲಿನ ಮ್ಯಾಲೆ ಕರ್ನಲ್ ಯಾವ ರಿಜಿಸ್ಟರ್ ಅಂತ ನೋಡಂಗಿಲ್ಲ, ಏನ್ ಬೇಕಾದ್ರೂ ಬರೀಬಹುದು. ಲಾಕ್ ಇರೂದೂ ಒಂದೊಂದು ವಹಿವಾಟಿಗೆ ಅಷ್ಟ, ಅಪ್‌ಡೇಟ್ ಮುಗಿಯೂ ತನಕ ಅಲ್ಲ. ನಡುವ ಡ್ರೈವರ್ ತನ್ನ ಕೆಲಸಕ್ಕ ಅದೇ ಚಾನೆಲ್‌ಗೆ ಬರ್ತೈತಿ.

ಸುರತ್ಕಲ್ ಟರ್ಮಿನಲ್: ಮಾನಿಟರ್ ಬ್ರೈಟ್‌ನೆಸ್ ಬದಲಿಸಲು ಡಿಡಿಸಿಯುಟಿಲ್ ಟೂಲ್ ಹಾಕಿಕೊಂಡು ಐ2ಸಿ (ಮಾನಿಟರ್ ಜೊತೆ ಮಾತಾಡುವ ಬಸ್) ತೆರೆಯಲು ಅನುಮತಿ ಇರುವ ಯೂಸರ್ ಗುಂಪಿಗೆ ಸೇರಿದವರೇ ಇಲ್ಲೆಲ್ಲ. ಆಗ ಇಲ್ಲದ ಭಯ ಈಗ ಎಲ್ಲಿಂದ ಬಂತು?

ಹುಬ್ಬಳ್ಳಿ ರೂಟ್: ನಾ ಸೇರಿಲ್ರಿ, ನನ್ನ ಹೆಸರು ಅದರಾಗ ಎಳೀಬ್ಯಾಡ್ರಿ. ಬ್ರೈಟ್‌ನೆಸ್ ಹೆಕ್ಸ್ 37ನೇ ವಿಳಾಸ ಖರೆ, ಆದ್ರ ಬಸ್ ತೆರೆದ್ರ ಎಲ್ಲಾ ವಿಳಾಸನೂ ತೆರೀತಾವ. ಕೆಲವು ರಿಯಲ್‌ಟೆಕ್ ಹಬ್‌ಗೆ ಫರ್ಮ್‌ವೇರ್ ಹೋಗೂದೇ ಆ ಐ2ಸಿ ದಾರಿಲೆ. ನೀವು ಕೊಟ್ಟ ಉದಾಹರಣೆ ನನ್ನ ಮಾತನ್ನ ಗಟ್ಟಿ ಮಾಡ್ತೈತಿ.

ರಾಜಾಜಿನಗರ 2ನೇ ಬ್ಲಾಕ್: ಇಷ್ಟೆಲ್ಲ ಯಾಕೆ ಸ್ವಾಮಿ? ನಾನು 2,400 ಕೊಟ್ಟು ಚಿಕ್ಕ ಎಸ್‌ಎಸ್‌ಡಿ ತಂದು, ಅದರಲ್ಲಿ ವಿಂಡೋಸ್ ಹಾಕಿ ಅಪ್‌ಡೇಟ್ ಮಾಡಿದೆ. ಚಾರ್ಜರ್ ಇಲ್ಲದೆ ಟೂಲ್ ಶುರುವೇ ಆಗಲಿಲ್ಲ, ಹಳೇ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿತ್ತು, ಅದಕ್ಕೆ 3,200. ಆದರೂ ನನ್ನ ಎರಡೂ ಮಾನಿಟರ್ ಬೆಳಗ್ಗೆ ಏಳುತ್ತವೆ. ಲಿನಕ್ಸ್ ಅಂದರೆ ಕೆಲವರಿಗೆ ಹಠ.

ಸುರತ್ಕಲ್ ಟರ್ಮಿನಲ್: 5,600 ಖರ್ಚು ಮಾಡಿದವರು ಹಠದ ಮಾತಾಡಬೇಡಿ. ನನಗೆ ಒಂದು ಪೈಸೆ ಖರ್ಚಾಗಿಲ್ಲ. ಗಿರಾಕಿಯವರೇ, ನಿಮಗೂ ಅಷ್ಟು ಬೇಕಿರಲಿಲ್ಲ. ಕಪ್ಪು ಸಿಎಚ್341ಎ ಸಾಕು, ಅದು 3.3 ವೋಲ್ಟೇ ಕೊಡುವುದು.

ಎಸ್.ಪಿ. ರೋಡ್ ಗಿರಾಕಿ: ನನ್ನ ಚಿಪ್ 1.8 ವೋಲ್ಟ್ ಅಂತ ಮೇಲೆಯೇ ಬರೆದಿದ್ದೇನೆ, ಓದಿ. ಕಪ್ಪು ಬೋರ್ಡಿನ ಪವರ್ ಪಿನ್ 3.3 ಇರಬಹುದು, ಡೇಟಾ ಪಿನ್ನುಗಳಲ್ಲಿ 5 ವೋಲ್ಟ್ ಬರುತ್ತದೆ. ನಿಮ್ಮ ಮಾತು ಕೇಳಿ ಯಾರಾದರೂ ನೇರವಾಗಿ ಕ್ಲಿಪ್ ಹಾಕಿದರೆ ಉಳಿದ ಚಿಪ್ಪೂ ಸುಡುತ್ತದೆ. ಮೊದಲು ಮೀಟರ್ ಇಟ್ಟು ನೋಡಿ, ಆಮೇಲೆ ಬೇರೆಯವರಿಗೆ ಹೇಳಿ.