ಸಹಾಯ ಬೇಕು: ಮಂಡಿ ನೋವಿರುವ ಅಮ್ಮನ ಜೊತೆ ಬಂಡೀಪುರ

ನಮಸ್ಕಾರ. ನಾವು ಬನಶಂಕರಿಯವರು. ಮುಂದಿನ ತಿಂಗಳು ಬಂಡೀಪುರ, ಸಾಧ್ಯವಾದರೆ ನಾಗರಹೊಳೆಗೂ ಹೋಗುವ ಆಸೆ. ಅಮ್ಮನಿಗೆ ಮಂಡಿ ನೋವು. ಹೋದ ಸಲ ಬೇರೆ ಕಾಡಿನಲ್ಲಿ ಜೀಪ್ ಹತ್ತಿಸಲು ಪ್ಲಾಸ್ಟಿಕ್ ಸ್ಟೂಲ್ ಇಟ್ಟು, ನಾನು ಹಿಂದಿನಿಂದ ಎತ್ತಿ, ಅಷ್ಟರಲ್ಲೇ ಅವರಿಗೆ ಸಾಕಾಗಿತ್ತು. ಹುಲಿ ಬಿಡಿ, ಬಾಲವೂ ಕಾಣಲಿಲ್ಲ!

ಸಫಾರಿ ಬಸ್ಸಿನ ಮೆಟ್ಟಿಲು ತಗ್ಗಾಗಿರುತ್ತಾ? ಕುಲುಕಾಟ ಜಾಸ್ತಿನಾ?

ಅಮ್ಮನಿಗೆ ಹುಲಿಗಿಂತ ಹಿಮವದ್ ಗೋಪಾಲಸ್ವಾಮಿ ಬೆಟ್ಟದ್ದೇ ಧ್ಯಾನ. ಮೇಲಕ್ಕೆ ಸ್ವಂತ ಕಾರು ಬಿಡಲ್ಲ, ಸರ್ಕಾರಿ ಬಸ್ಸೇ ಗತಿ ಅಲ್ವಾ? ಭಾನುವಾರ ಕ್ಯೂ ಎಷ್ಟಿರುತ್ತೆ?

ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಹಾಗಾಗಿ ಗುಂಡ್ಲುಪೇಟೆಯಲ್ಲೇ ಉಳಿಯೋಣ ಅಂತ. ಕೆಳಗಿನ ಮಹಡಿಯಲ್ಲಿ ರೂಮು, ವೆಸ್ಟರ್ನ್ ಟಾಯ್ಲೆಟ್ ಇರುವ ಜಾಗ ಗೊತ್ತಿದ್ದರೆ ತಿಳಿಸಿ.