ಸೆಲ್ಲಾದಲ್ಲಿ (ಪಿಟ್ಯುಟರಿ ಗ್ರಂಥಿ ಕೂರುವ ಎಲುಬಿನ ಗುಳಿ) ಇರುವುದು ಗಡ್ಡೆಯೋ ಅನ್ಯೂರಿಸಮ್ಮೋ (ಚೀಲದಂತೆ ಉಬ್ಬಿದ ಧಮನಿ)? ಮೂಗಿನ ಮೂಲಕ ಸರ್ಜರಿ ಮಾಡುವ ಮೊದಲು ಯಾವ ಸ್ಕ್ಯಾನ್ ನಂಬುವುದು?

ನ್ಯೂರೋಪಿಜಿ:
ಅನ್ಯೂರಿಸಂ ಅನ್ನು ಪಿಟ್ಯುಟರಿ ಅಡಿನೋಮ (ಆ ಗ್ರಂಥಿಯ ಗಡ್ಡೆ) ಎಂದು ತಪ್ಪಾಗಿ ಓದಿದ ಕೇಸ್ ರಿಪೋರ್ಟ್‌ಗಳು ಆಗಾಗ ಬರುತ್ತಲೇ ಇರುತ್ತವೆ. ಬಹುಪಾಲು "ಟಿ2ನಲ್ಲಿ ಫ್ಲೋ ವಾಯ್ಡ್ ನೋಡಿ" (ಎಂಆರ್‌ಐನ ಟಿ2 ಚಿತ್ರದಲ್ಲಿ ಹರಿಯುವ ರಕ್ತದ ಕಪ್ಪು ಜಾಗ) ಎನ್ನುವಲ್ಲಿಗೆ ಮುಗಿಯುತ್ತವೆ. ಒಳಗೆಲ್ಲ ರಕ್ತ ಹೆಪ್ಪುಗಟ್ಟಿದ್ದರೆ ಫ್ಲೋ ವಾಯ್ಡ್ ಎಲ್ಲಿಂದ ಬರಬೇಕು? ಟಿಒಎಫ್ ಆಂಜಿಯೋದಲ್ಲಿ (ಡೈ ಇಲ್ಲದೆ ರಕ್ತದ ಹರಿವು ತೋರಿಸುವ ಎಂಆರ್‌ಐ) ಏನೂ ಕಾಣದಿದ್ದರೆ ಅನ್ಯೂರಿಸಂ ಇಲ್ಲ ಅಂತ ಹೇಳಬಹುದಾ? ಪ್ರೊಲ್ಯಾಕ್ಟಿನ್ (ಪಿಟ್ಯುಟರಿಯ ಹಾರ್ಮೋನು) ಸ್ವಲ್ಪ ಏರಿದ್ದರೆ ಅಡಿನೋಮದ ಕಡೆ ತೂಗಬಹುದಾ?

ಸ್ಕ್ಯಾನ್‌ಕೊಠಡಿ:
ಟಿಒಎಫ್ ಒಂದನ್ನೇ ನಂಬಬೇಡಿ, ಅದು ಎರಡೂ ಕಡೆ ಮೋಸ ಮಾಡುತ್ತದೆ. ಹೊಸದಾಗಿ ಒಳಬರುವ ರಕ್ತ ಮಾತ್ರ ಅದರಲ್ಲಿ ಬೆಳ್ಳಗೆ ಕಾಣುವುದು. 25 ಮಿ.ಮೀ. ದಾಟಿದ ಜಯಂಟ್ ಅನ್ಯೂರಿಸಂ ಒಳಗೆ ರಕ್ತ ನಿಧಾನವಾಗಿ ಸುತ್ತುತ್ತಾ ಇರುತ್ತದೆ, ಸಿಗ್ನಲ್ ಸತ್ತುಹೋಗುತ್ತದೆ. ಆಗ ಇರುವುದೂ ಕಾಣುವುದಿಲ್ಲ. ಇನ್ನೊಂದು ಕಡೆ, ಹೆಪ್ಪಿನಲ್ಲಿ ಮೆಟ್‌ಹಿಮೋಗ್ಲೋಬಿನ್ (ಹೆಪ್ಪು ಹಳೆಯದಾಗುತ್ತಾ ಬದಲಾದ ಹಿಮೋಗ್ಲೋಬಿನ್) ಇದ್ದರೆ ಟಿ1ನಲ್ಲಿ ಹೊಳೆಯುವ ಹಾಗೆಯೇ ಟಿಒಎಫ್‌ನಲ್ಲೂ ಹೊಳೆದು, ಹರಿವೇ ಇಲ್ಲದ ಕಡೆ ಹರಿವು ಇದ್ದ ಹಾಗೆ ತೋರುತ್ತದೆ.

ಫ್ಲೋ ವಾಯ್ಡ್‌ಗೂ ನಕಲಿಗಳಿವೆ. ಆಂಟೀರಿಯರ್ ಕ್ಲಿನಾಯ್ಡ್‌ (ಸೆಲ್ಲಾ ಪಕ್ಕದ ಎಲುಬಿನ ಮೊನೆ) ಒಳಗೆ ಗಾಳಿ ತುಂಬಿದ್ದರೆ ಎಂಆರ್‌ಐನಲ್ಲಿ ಕರೋಟಿಡ್ (ಮಿದುಳಿಗೆ ರಕ್ತ ಒಯ್ಯುವ ದೊಡ್ಡ ಧಮನಿ) ಪಕ್ಕದಲ್ಲೇ ದುಂಡನೆಯ ಕಪ್ಪು ಚುಕ್ಕೆ. ಸಿಟಿಯ ಬೋನ್ ವಿಂಡೋ ತೆರೆದರೆ ಗುಟ್ಟು ರಟ್ಟು. ದಟ್ಟ ಕ್ಯಾಲ್ಸಿಯಂ, ಸ್ಫೀನಾಯ್ಡ್‌ನಲ್ಲಿ (ಮೂಗಿನ ಹಿಂದಿನ ಗಾಳಿಗೂಡು) ಒಣಗಿದ ಸಿಂಬಳ, ಇವೂ ಟಿ2ನಲ್ಲಿ ಕಪ್ಪೇ.

ನನಗೆ ಹೆಚ್ಚು ನಂಬಿಕೆ ಇರುವುದು ಪಲ್ಸೇಷನ್ ಆರ್ಟಿಫ್ಯಾಕ್ಟ್ (ಮಿಡಿತದಿಂದ ಚಿತ್ರದಲ್ಲಿ ಬೀಳುವ ನೆರಳು) ಮೇಲೆ. ಗಡ್ಡೆಯ ನೇರಕ್ಕೆ, ಫೇಸ್ ಎನ್‌ಕೋಡಿಂಗ್ ದಿಕ್ಕಿನಲ್ಲಿ (ಯಂತ್ರ ಚಿತ್ರ ಕಟ್ಟುವ ದಿಕ್ಕುಗಳಲ್ಲಿ ಒಂದು) ಅದರ ನೆರಳು ಸಾಲಾಗಿ ಬಿದ್ದಿದೆಯೇ ನೋಡಿ. ಅನುಮಾನವಿದ್ದರೆ ಫೇಸ್ ದಿಕ್ಕು ಅದಲುಬದಲು ಮಾಡಿ ಅದೇ ಸೀಕ್ವೆನ್ಸ್ ಮತ್ತೆ ತೆಗೆಸಿ. ನೆರಳೂ ದಿಕ್ಕು ಬದಲಿಸಿದರೆ ಒಳಗೆ ಮಿಡಿತ ಇದೆ ಎಂದೇ ಅರ್ಥ. ಪೂರ್ತಿ ಹೆಪ್ಪುಗಟ್ಟಿದ್ದಕ್ಕೆ ಈ ಉಪಾಯ ನಡೆಯದು. ಅಲ್ಲಿ ಈರುಳ್ಳಿ ಸಿಪ್ಪೆಯ ಹಾಗೆ ಪದರಪದರ ಹೆಪ್ಪು, ಗ್ರೇಡಿಯಂಟ್ ಎಕೋದಲ್ಲಿ (ಹಳೆಯ ರಕ್ತ ಕಪ್ಪಾಗಿ ಕಾಣುವ ಎಂಆರ್‌ಐ ಸೀಕ್ವೆನ್ಸ್) ಕಪ್ಪು ಅಂಚು, ಸಿಟಿಯಲ್ಲಿ ಕಮಾನಿನಂಥ ಕ್ಯಾಲ್ಸಿಯಂ ಗೆರೆ ಹುಡುಕಬೇಕು. ಅದೇ ಜಾಗದ ಇನ್ನೊಂದು ಗಡ್ಡೆ ಕ್ರೇನಿಯೋಫ್ಯಾರಿಂಜಿಯೋಮದಲ್ಲೂ ಕ್ಯಾಲ್ಸಿಯಂ ಇರುತ್ತದೆ, ಎಚ್ಚರ.

ಕಪಾಲತಳ:
ಮೇಲಿನದಕ್ಕೆ ಸೇರಿಸುವುದು: ಸಂಶಯ ಬಂದ ಮೇಲೆ 1 ಮಿ.ಮೀ. ಒಳಗಿನ ಸ್ಲೈಸ್‌ನಲ್ಲಿ ಸಿಟಿ ಆಂಜಿಯೋ, ಅದರಲ್ಲೂ ಸ್ಪಷ್ಟವಾಗದಿದ್ದರೆ ಡಿಎಸ್‌ಎ (ನಳಿಕೆಯಿಂದ ರಕ್ತನಾಳಕ್ಕೆ ಡೈ ಬಿಟ್ಟು ತೆಗೆಯುವ ಎಕ್ಸ್‌ರೇ ಆಂಜಿಯೋ). ಡಿಎಸ್‌ಎ ತೋರಿಸುವುದು ಒಳಗಿನ ಟೊಳ್ಳನ್ನು ಮಾತ್ರ. ಅರ್ಧ ಹೆಪ್ಪುಗಟ್ಟಿದ್ದರೆ ಅನ್ಯೂರಿಸಂ ಚಿಕ್ಕದಾಗಿ ಕಾಣುತ್ತದೆ, ಪೂರ್ತಿ ಗಟ್ಟಿಯಾಗಿದ್ದರೆ ಕಾಣದೆಯೂ ಹೋದೀತು. ಆದ್ದರಿಂದ ಎಂಆರ್‌ಐ ಪಕ್ಕದಲ್ಲಿಟ್ಟುಕೊಂಡೇ ಓದಿ.

ಪ್ರೊಲ್ಯಾಕ್ಟಿನ್‌ ವಿಷಯಕ್ಕೆ ಬಂದರೆ, ತೂಗಲು ಬರುವುದಿಲ್ಲ. ಸ್ಟಾಕ್ (ಮಿದುಳಿನಿಂದ ಪಿಟ್ಯುಟರಿಗೆ ಇಳಿಯುವ ತೊಟ್ಟು) ಮೇಲೆ ಏನು ಒತ್ತಿದರೂ ಪ್ರೊಲ್ಯಾಕ್ಟಿನ್ ತಡೆಯುವ ಡೋಪಮಿನ್ ಕೆಳಗಿಳಿಯದೆ ಅದು ಏರುತ್ತದೆ, ಸಾಮಾನ್ಯವಾಗಿ 100 ನ್ಯಾನೋಗ್ರಾಂ/ಮಿ.ಲೀ. ಒಳಗೆ. ಒತ್ತಿದ್ದು ಅನ್ಯೂರಿಸಂ ಆದರೂ ಅಷ್ಟೇ. ಗಡ್ಡೆ ತುಂಬಾ ದೊಡ್ಡದಿದ್ದು ಅಂಕಿ ಮಾತ್ರ ಚಿಕ್ಕದಿದ್ದರೆ ಹುಕ್ ಎಫೆಕ್ಟ್ (ಹಾರ್ಮೋನು ವಿಪರೀತ ಇದ್ದಾಗ ಟೆಸ್ಟ್ ತಪ್ಪಾಗಿ ಕಡಿಮೆ ತೋರಿಸುವುದು) ಇರಬಹುದು, ಸೀರಂ 1:100 ತೆಳು ಮಾಡಿ ಮತ್ತೆ ನೋಡಲು ಲ್ಯಾಬ್‌ಗೆ ಬರೆಯಿರಿ. ಒತ್ತಡಕ್ಕೆ ಪಿಟ್ಯುಟರಿಯ ಬೇರೆ ಹಾರ್ಮೋನೂ ಇಳಿದಿರಬಹುದು, ಬೆಳಗಿನ ಕಾರ್ಟಿಸಾಲ್ ಮತ್ತು ಸೋಡಿಯಂ ಮರೆಯಬೇಡಿ. ಕಾರ್ಟಿಸಾಲ್ ಕಡಿಮೆಯಿದ್ದರೆ ಮೊದಲು ಹೈಡ್ರೊಕಾರ್ಟಿಸೋನ್, ಥೈರಾಯ್ಡ್ ಹಾರ್ಮೋನೂ ಕಡಿಮೆಯಿದ್ದರೆ ಆಮೇಲೆ ಥೈರಾಕ್ಸಿನ್. ಕ್ರಮ ತಪ್ಪಿದರೆ ಅಡ್ರಿನಲ್ ಕ್ರೈಸಿಸ್ (ಜೀವಕ್ಕೇ ಅಪಾಯವಾಗುವ ಕಾರ್ಟಿಸಾಲ್ ಕೊರತೆ) ಆಗಬಹುದು.

ಇನ್ನೊಂದು ಬಲೆ: ಅಡಿನೋಮವೂ ಇದ್ದು ಪಕ್ಕದಲ್ಲಿ ಅನ್ಯೂರಿಸಮ್ಮೂ ಇರಬಹುದು. ಒಂದು ಸಿಕ್ಕಿತೆಂದು ಹುಡುಕುವುದನ್ನು ನಿಲ್ಲಿಸುವುದೇ ತಪ್ಪಿನ ಮೂಲ.

ನ್ಯೂರೋಪಿಜಿ:
ಥ್ಯಾಂಕ್ಸ್ ಸರ್. ಡ್ಯೂರಾ (ಮಿದುಳಿನ ಹೊರಪೊರೆ) ಕೊಯ್ಯುವ ಮುಂಚೆ ಸೂಜಿ ಹಾಕಿ ಎಳೆದು ನೋಡಿದರೆ ಸಾಲದೇ?

ಕಪಾಲತಳ:
ರಕ್ತ ಬಂದರೆ ಉಪಯೋಗ; ಬಾರದಿದ್ದರೆ ಏನೂ ಸಾಬೀತಾಗಲಿಲ್ಲ. ಹೆಪ್ಪಿಗೆ ಸೂಜಿ ಚುಚ್ಚಿದರೂ ಒಣಗಿಯೇ ಬರುತ್ತದೆ. ಮೈಕ್ರೋ ಡಾಪ್ಲರ್ (ರಕ್ತದ ಹರಿವು ಪತ್ತೆಹಚ್ಚುವ ಸಣ್ಣ ಅಲ್ಟ್ರಾಸೌಂಡ್ ಕಡ್ಡಿ) ಕರೋಟಿಡ್ ಎಲ್ಲಿದೆ ಎಂದು ಹೇಳುತ್ತದೆ, ಹೆಪ್ಪುಗಟ್ಟಿದ ಚೀಲದ ಬಗ್ಗೆ ತುಟಿ ಬಿಚ್ಚುವುದಿಲ್ಲ. ತೀರ್ಮಾನ ಟೇಬಲ್‌ಗೆ ಬರುವ ಮುಂಚೆಯೇ ಆಗಿರಬೇಕು.

ಹಾಗೂ ಒಡೆದರೆ: ದೊಡ್ಡ ಎರಡು ಸಕ್ಷನ್, ಜಜ್ಜಿದ ಸ್ನಾಯುವಿನ ತುಂಡಿಟ್ಟು ಒತ್ತಿ ಪ್ಯಾಕ್. ಬಿಪಿಯನ್ನು ತೀರಾ ಇಳಿಸಬೇಡಿ, ಆ ಕಡೆಯ ಮಿದುಳಿಗೆ ರಕ್ತ ಸಾಲದು. ಪ್ಯಾಕ್ ತೆಗೆಯದೆ ನೇರ ಆಂಜಿಯೋ ಕೊಠಡಿಗೆ. ಮೊದಲ ಆಂಜಿಯೋ ಸರಿಯಿದ್ದರೂ ಸ್ಯೂಡೋಅನ್ಯೂರಿಸಂ (ಗಾಯಗೊಂಡ ಧಮನಿಯ ಪಕ್ಕದ ಹುಸಿ ಚೀಲ) ಆಮೇಲೆ ತಲೆಯೆತ್ತಬಹುದು, ಸುಮಾರು ಒಂದು ವಾರಕ್ಕೆ ಮತ್ತೊಮ್ಮೆ ನೋಡಲೇಬೇಕು. ಫ್ಲೋ ಡೈವರ್ಟರ್ (ರಕ್ತ ಚೀಲಕ್ಕೆ ನುಗ್ಗದಂತೆ ಧಮನಿಯೊಳಗೆ ಕೂರಿಸುವ ಜಾಲರಿ ಕೊಳವೆ) ಹಾಕುವುದಾದರೆ ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್‌ನಂಥ ಹೆಪ್ಪು ತಡೆಯುವ ಎರಡನೇ ಔಷಧಿ ಬೇಕು. ಹಸಿ ಗಾಯದ ಮೂಗಿನಲ್ಲಿ ಅದು ತಲೆನೋವೇ.

ಸ್ಕ್ಯಾನ್‌ಕೊಠಡಿ:
ಇಂಥದ್ದನ್ನು ಬರೆದು ಕಳಿಸುವವರಿಗೊಂದು ಮಾತು. ಕೇಸ್ ರಿಪೋರ್ಟ್ ಬರೆಯಲು ಇರುವ 2013ರ ಕೇರ್ (CARE) ಮಾರ್ಗಸೂಚಿ ಟೈಮ್‌ಲೈನ್ ಕೇಳುತ್ತದೆ. ಅದರಲ್ಲಿ ಮೊದಲ ಸ್ಕ್ಯಾನ್ ವರದಿ ಏನೆಂದಿತ್ತು, ಯಾವ ಸೀಕ್ವೆನ್ಸ್ ಇರಲಿಲ್ಲ ಎಂಬುದನ್ನೂ ಹಾಕಿ. ಓದುವವರಿಗೆ ಬೇಕಾದದ್ದು ಅದೇ. ಚಿತ್ರ ಕೊಡುವಾಗ ಡೈಕಾಮ್ ಟ್ಯಾಗ್‌ (ಸ್ಕ್ಯಾನ್ ಫೈಲಿನಲ್ಲಿ ಅಡಗಿರುವ ರೋಗಿಯ ವಿವರ) ಅಳಿಸಿದರೆ ಸಾಲದು: ಇಡೀ ತಲೆಯ ತೆಳು ಸ್ಲೈಸ್ ಫೈಲ್ ಹಂಚಿದರೆ ಅದರಿಂದ ಮುಖವನ್ನೇ ಮತ್ತೆ ಕಟ್ಟಬಹುದು. ಮುಖದ ಭಾಗ ತೆಗೆದೇ ಕೊಡಿ.